ಪತ್ತನಾಜೆಯ ಒಳಗೆ ಮಾಡು ಹತ್ತಿದವರು

ಏಪ್ರಿಲ್ ಕೊನೆಯ ವಾರ ನಮ್ಮ ಮನೆಯ ಪಡುಬದಿಯ ಮಾಡು ಬಿಚ್ಚಿಸಿದೆವು. ಹಂಚು ಇಳಿಸಿ, ರೀಪು ಕಳಚಿ ನೋಡಿದರೆ ಒಂಬತ್ತು ಪಕ್ಕಾಸಿನ ತುದಿ ಹಿಡಿದ ಕೈಯಲ್ಲೇ ಹುಡಿಹುಡಿ. ಹೊರಗಿನಿಂದ ನೋಡುವಾಗ ಏನೂ ಗೊತ್ತಾಗ್ತಿರಲಿಲ್ಲ ಮಾರಾಯ್ರೆ, ಬಣ್ಣ ಹೊಳೀತಾ ಇತ್ತು. ಒಂಬತ್ತರಲ್ಲಿ ಆರು ಪಕ್ಕಾಸು ಹಳೇ ಅಡುಗೆಕೋಣೆಯ ಮೇಲಿನವು.

ನನಗೆ ಆಶ್ಚರ್ಯ ಆದದ್ದು ಅಲ್ಲಿಯೇ. ಮೂವತ್ತು ವರ್ಷದ ಹಿಂದೆ ಇದೇ ಮಾಡು ಬಿಚ್ಚಿದಾಗ ಮಲಗುವ ಕೋಣೆಯ ಮೇಲಿನ ಪಕ್ಕಾಸು ಬದಲಿಸಿದ್ದರು, ಅಡುಗೆಕೋಣೆಯ ಮೇಲಿನದು ಒಂದನ್ನೂ ಮುಟ್ಟಲಿಲ್ಲ. ಕರ್ರಗೆ ಕಬ್ಬಿಣದ ಹಾಗೆ ಇದ್ದವು. ಆಗ ಅಪ್ಪನ ಜೊತೆ ಕೆಲಸ ಕಲಿಯಲಿಕ್ಕೆ ಬಂದಿದ್ದ ಹುಡುಗನೇ ಈಗಿನ ಆಚಾರಿ. ಅವರು ಪಕ್ಕಾಸಿನ ಮಸಿ ಉಗುರಲ್ಲಿ ಕೆರೆದು ಹೇಳಿದ್ದು ಇಷ್ಟೇ: "ಹೊಗೆ ನಿಂತಿತಲ್ಲ, ಅದಕ್ಕೆ."

ಮಾಡು ಬಿಚ್ಚಿದ ದಿನದಿಂದ ಇದೇ ತಲೆಯಲ್ಲಿ ಓಡ್ತಾ ಉಂಟು. ಕಳೆದ ತಿಂಗಳು ಗೆಳೆಯರೊಬ್ಬರು ಕೇಳಿದ್ದರು, ಹಳೇ ಕಾಲದ ಮನೆಯ ಮರ ಇನ್ನೂರು ವರ್ಷ ಬಾಳಿದ್ದು ಹೇಗೆ, ಈಗಿನದು ಹತ್ತು ವರ್ಷಕ್ಕೆ ಹೋಗುವುದು ಯಾಕೆ ಅಂತ. ಮರದ ಜಾತಿ ಕಾರಣ ಅಂತ ನಾನೂ ಎಲ್ಲರ ಹಾಗೆ ಹೇಳಿದ್ದೆ. ಅರ್ಧ ಸುಳ್ಳು ಹೇಳಿದೆ ಅಂತ ಈಗ ಅನ್ನಿಸ್ತದೆ. ಅದಕ್ಕೇ ಈ ಉದ್ದದ ಬರಹ.

ನಮ್ಮ ಕರಾವಳಿಯ ಮಳೆ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ವರ್ಷಕ್ಕೆ 3500 ಮಿಲಿಮೀಟರಿಗಿಂತ ಹೆಚ್ಚು, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೆ. ಅಂದರೆ ಮರದ ವಸ್ತುವಿಗೆ ನಾಲ್ಕು ತಿಂಗಳು ಸ್ನಾನ, ಎಂಟು ತಿಂಗಳು ಬಿಸಿಲು ಮತ್ತು ಉಪ್ಪುಗಾಳಿ. ಮರದೊಳಗಿನ ನೀರಿನಂಶ ಶೇಕಡಾ 20ರ ಕೆಳಗೆ ಇದ್ದರೆ ಅದನ್ನು ಕೊಳೆಸುವ ಶಿಲೀಂಧ್ರಕ್ಕೆ ಬದುಕಿಲ್ಲ. ಆಟಿ ತಿಂಗಳಲ್ಲಿ ಗೋಡೆಯೇ ಬೆವರುವ ನಮ್ಮೂರಲ್ಲಿ ಮರವನ್ನು ಒಣಗಿಸಿ ಇಡುವುದು ಹೇಗೆ? ಹಿರಿಯರು ಮಾಡಿದ ಎಲ್ಲ ಉಪಾಯವೂ ಸುತ್ತಿ ಬಳಸಿ ಈ ಒಂದು ಪ್ರಶ್ನೆಗೇ ಬರುತ್ತದೆ.

ಗಡುವು ಪತ್ತನಾಜೆ. ಬೇಶ ತಿಂಗಳ ಹತ್ತು, ಹೆಚ್ಚುಕಡಿಮೆ ಮೇ 24. ಆ ದಿನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ದೈವಗಳ ಕೋಲ ನಿಲ್ಲುತ್ತದೆ. ಮನೆಯಲ್ಲೂ ಹಾಗೆಯೇ, ಅಂದಿನ ಒಳಗೆ ಮಾಡಿನ ಕೆಲಸ ಮುಗಿಯಲೇಬೇಕು. ಸೌದೆ ಕೊಟ್ಟಿಗೆ ತುಂಬಬೇಕು, ಪಡುಬದಿಯ ಜಗಲಿಗೆ ಮಡಲಿನ ತಟ್ಟಿ ಕಟ್ಟಬೇಕು, ಹಟ್ಟಿಯ ಕಂಬ ಅಲ್ಲಾಡಿಸಿ ನೋಡಬೇಕು, ತೋಡಿನ ಸಂಕಕ್ಕೆ ಹೊಸ ಅಡಿಕೆ ಮರ ಹಾಕಬೇಕು, ಬಾವಿಯ ರಾಟೆಕಂಬದ ಬುಡದ ಮಣ್ಣು ಕೆರೆಯಬೇಕು, ಗದ್ದೆ ಬದಿಯ ತಡಮೆಯ ಕೊಳೆತ ಗಳು ತೆಗೆದು ಬೇರೆ ಸಿಕ್ಕಿಸಬೇಕು. ಪತ್ತನಾಜೆಯ ಮರುದಿನ ಏಣಿ ಇಟ್ಟವನನ್ನು ಊರು ನೋಡಿ ನಗ್ತಿತ್ತು ಅಂತ ಅಜ್ಜಿ ಹೇಳುತ್ತಿದ್ದರು.

ಆದರೆ ಏಣಿ ಹತ್ತುತ್ತಿದ್ದದ್ದು ಯಾರು? ಅಜ್ಜ ಹತ್ತಿದ್ದನ್ನು ಅಜ್ಜಿ ಒಮ್ಮೆಯೂ ಹೇಳಲಿಲ್ಲ.

ಹಂಚು ಬರುವ ಮೊದಲು ನಮ್ಮ ಕಡೆಯ ಹೆಚ್ಚಿನ ಮನೆಗಳೆಲ್ಲ ಮುಳಿಹುಲ್ಲಿನವು. ಶ್ರೀಮಂತರದ್ದು ನಾಡಹಂಚು, ಬಡವರದ್ದು ಸೋಗೆಯೋ ಮಡಲೋ. ಮುಳಿ ಗುಡ್ಡೆಯ ಮೇಲೆ ಬೆಳೆಯುವ ಒರಟು ಹುಲ್ಲು, ಮಳೆ ಹೋದ ಮೇಲೆ ಹಣ್ಣಾಗಿ ಕೆಂಚಾಗುತ್ತದೆ, ಆವಾಗ ಕೊಯ್ದು ಸೂಡಿ ಕಟ್ಟುವುದು. ಪ್ರತಿ ವರ್ಷ, ತಪ್ಪಿದರೆ ಎರಡು ವರ್ಷಕ್ಕೊಮ್ಮೆ ಮಾಡು ಹೊಸತಾಗಿ ಹೊದೆಸಬೇಕು. ಅಡಿಯ ಚೌಕಟ್ಟು ಬಿದಿರಿನದು, ಅಡಿಕೆ ದಬ್ಬೆಯದು. ಕಟ್ಟಲಿಕ್ಕೆ ತೆಂಗಿನ ಹುರಿ ಇಲ್ಲವೇ ಕಾಡುಬಳ್ಳಿ.

ಹೀಗೆ ವರ್ಷವರ್ಷ ಬಿಚ್ಚಿ ಕಟ್ಟುವುದರಲ್ಲಿ ದೊಡ್ಡ ಉಪಕಾರ ಒಂದಿತ್ತು. ಒರಲೆ ಹತ್ತಿದ ಬಿದಿರು, ಕುಟ್ಟೆ ಕೊರೆದ ದಬ್ಬೆ ಅದೇ ವರ್ಷ ಕಣ್ಣಿಗೆ ಬೀಳುತ್ತಿತ್ತು. ಅವತ್ತೇ ಬದಲು. ಮಾಡಿನ ಒಳಗೆ ಬಿಸಿಲು ಬೀಳುತ್ತಿತ್ತು ವರ್ಷಕ್ಕೆ ಮೂರು ದಿನ, ಮರಕ್ಕೆ ಅದಕ್ಕಿಂತ ದೊಡ್ಡ ಔಷಧಿ ಇಲ್ಲ. ಬಿದಿರನ್ನು ಮಳೆಗಾಲ ಕಳೆದ ಮೇಲೆ, ಕೃಷ್ಣಪಕ್ಷದಲ್ಲಿ ಕಡಿದು ಹೊಂಡದ ನೀರಲ್ಲಿ ವಾರಗಟ್ಟಲೆ ಮುಳುಗಿಸಿ ಇಡುವುದು. ಚಂದ್ರನ ಲೆಕ್ಕ ನನಗೆ ಅಷ್ಟು ಅರ್ಥ ಆಗುವುದಿಲ್ಲ, ವಾದಕ್ಕೆ ಬರಬೇಡಿ. ಆದರೆ ನೀರಲ್ಲಿ ಮುಳುಗಿಸಿದರೆ ಬಿದಿರಿನೊಳಗಿನ ಸಕ್ಕರೆ, ಪಿಷ್ಟ ಎಲ್ಲ ಬಸಿದುಹೋಗಿ ಕುಟ್ಟೆಗೆ ತಿನ್ನಲಿಕ್ಕೆ ಏನೂ ಉಳಿಯುವುದಿಲ್ಲ, ಇದು ಖರೆ. ಮುಳುಗಿಸಿದ್ದನ್ನೂ ಮುಳುಗಿಸದ್ದನ್ನೂ ಅಕ್ಕಪಕ್ಕ ಇಟ್ಟು ನಾನೇ ನೋಡಿದ್ದೇನೆ.

ಈ ಕೆಲಸ ಮಾಡುತ್ತಿದ್ದವರು ಮೂಲದಾಳುಗಳು. ಈಗಿನ ಮಕ್ಕಳಿಗೆ ಆ ಶಬ್ದವೇ ಗೊತ್ತಿಲ್ಲ, ಗೊತ್ತಿಲ್ಲದೆ ಇರುವುದು ಒಳ್ಳೆಯದಲ್ಲ. ಒಂದು ಜಮೀನಿಗೆ, ಒಂದು ಮನೆಗೆ ಹುಟ್ಟಿನಿಂದಲೇ ಕಟ್ಟಿಹಾಕಿದ ಜನ. ಟಿಪ್ಪು ಸತ್ತು ಕಂಪನಿ ಸರ್ಕಾರ ಬಂದ ಕೂಡಲೇ, 1801ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ನಮ್ಮ ಈ ದಾರಿಯಲ್ಲೇ ಹೋಗಿದ್ದ. ಮೈಸೂರು, ಕೆನರಾ, ಮಲಬಾರ್ ತಿರುಗಿ ಬರೆದ ಅವನ ಪುಸ್ತಕ 1807ರಲ್ಲಿ ಅಚ್ಚಾಯಿತು. ಬೆಳೆ, ಗೇಣಿ, ಮರ ಮಟ್ಟುಗಳ ಲೆಕ್ಕ ಬರೆದ ಹಾಗೆಯೇ, ಮಾರುವ ಕೊಳ್ಳುವ ಆಳುಗಳ ಲೆಕ್ಕವನ್ನೂ ಅವನು ಬರೆದಿಟ್ಟಿದ್ದಾನೆ. 1843ರ ಕಾಯಿದೆ ಬಂದ ಮೇಲೆ ಕೋರ್ಟು ಗುಲಾಮಗಿರಿಯನ್ನು ಒಪ್ಪುವುದು ನಿಂತಿತು. ಆದರೆ ಕಾಗದದಲ್ಲಿ ಹೋದದ್ದು ಅಂಗಳದಲ್ಲಿ ಹೋಗಲಿಲ್ಲ, ಸಾಲದ ಹೆಸರಲ್ಲಿ ಮುಂದುವರಿಯಿತು. ಜೀತ ನಿಷೇಧದ ಕಾಯಿದೆ ಬರಲಿಕ್ಕೆ 1976 ಆಗಬೇಕಾಯಿತು.

ನಮ್ಮ ಅಟ್ಟದಲ್ಲಿ ಅಜ್ಜನ ಒಂದು ಲೆಕ್ಕದ ಪುಸ್ತಕ ಉಂಟು, ಐವತ್ತರ ದಶಕದ್ದು. ಮಾಡಿನ ಮರ ಎಲ್ಲಿಂದ ಬಂತು ಅಂತ ಹುಡುಕಲಿಕ್ಕೆ ಮೊನ್ನೆ ಅದನ್ನು ತೆಗೆದೆ. ಆಗಿನ್ನೂ ಹಟ್ಟಿ, ಸೌದೆ ಕೊಟ್ಟಿಗೆ ಮುಳಿಹುಲ್ಲಿನದ್ದೇ. ಪ್ರತಿ ವರ್ಷ ಬೇಶ ತಿಂಗಳಲ್ಲಿ ಒಂದು ಸಾಲು: ಮಾಡು ಹೊದೆಸಿದ್ದು, ಆಳು 11, ಅಕ್ಕಿ ಇಷ್ಟು. ಆಚಾರಿಗೆ ಹೆಸರು ಉಂಟು, ಹುಲ್ಲಿನ ಗಾಡಿಯವನಿಗೆ ಹೆಸರು ಉಂಟು. ಆ 11 ಜನಕ್ಕೆ ಮಾತ್ರ ಇಲ್ಲ.

ಮರದ ವಿಷಯಕ್ಕೆ ಬರ್ತೇನೆ. ಯಾವ ಮರ ಎಲ್ಲಿಗೆ ಅಂತ ಹಿರಿಯರಿಗೆ ಒಂದು ಲೆಕ್ಕ ಇತ್ತು. ಹೊಸ್ತಿಲು, ದಾರಂದ, ಕಂಬಕ್ಕೆ ಹಲಸು. ಹಳದಿಯಾಗಿ ಇದ್ದದ್ದು ವರ್ಷ ಹೋದ ಹಾಗೆ ಕೆಂಪು ಕಂದು ಆಗುತ್ತದೆ. ಭಾರ ಹೊರುವ ಅಡ್ಡಕ್ಕೆ ಕಿರಾಲುಬೋಗಿ, ಅದು ನೀರಿಗೂ ಒರಲೆಗೂ ಬಗ್ಗುವ ಮರ ಅಲ್ಲ. ಪಕ್ಕಾಸಿಗೆ ಬಲಿತ ತಾಳೆ ಅಥವಾ ಹಳೇ ತೆಂಗು, ಹೊರಮೈಯ ಕಪ್ಪು ಭಾಗ ಮಾತ್ರ. ಒಳಗಿನ ಮೆದು ತಿರುಳನ್ನು ಕೆತ್ತಿ ಬಿಸಾಡಬೇಕು. ನಮ್ಮ ಮನೆಯಲ್ಲಿ ಹುಡಿಯಾದ ಒಂಬತ್ತರಲ್ಲಿ ನಾಲ್ಕಕ್ಕೆ ತಿರುಳು ಹಾಗೇ ಬಿಟ್ಟಿದ್ದರು.

ಈ ಮರ ಎಲ್ಲ ಎಲ್ಲಿಂದ ಬಂತು? ಹೆಚ್ಚಿನದು ಕುಮ್ಕಿಯಿಂದ. ದಕ್ಷಿಣ ಕನ್ನಡದ ವರ್ಗದಾರರಿಗೆ ತಮ್ಮ ಜಮೀನಿನ ಸುತ್ತ 100 ಗಜದೊಳಗಿನ ಸರ್ಕಾರಿ ಜಾಗದಿಂದ ಸೊಪ್ಪು, ಸೌದೆ, ಮನೆ ಮತ್ತು ಬೇಸಾಯಕ್ಕೆ ಬೇಕಾದ ಮರ ತೆಗೆಯುವ ಸವಲತ್ತು ಇತ್ತು. ತೇಗ, ಗಂಧದಂಥವು ಸರ್ಕಾರದ್ದು, ಅದನ್ನು ಮುಟ್ಟುವ ಹಾಗಿಲ್ಲ. 1882ರಲ್ಲಿ ಮದ್ರಾಸು ಅರಣ್ಯ ಕಾಯಿದೆ ಬಂದು ಕಾಡಿಗೆ ಗಡಿಕಲ್ಲು ಬಿದ್ದ ಮೇಲೂ ಕುಮ್ಕಿ ಉಳಿಯಿತು. ವರ್ಷಕ್ಕೊಂದು ಕಂಬ, ಎರಡು ಗಳು ಬದಲಿಸುವ ಪದ್ಧತಿ ನಡೆದದ್ದೇ ಈ ಕುಮ್ಕಿಯ ಬಲದಲ್ಲಿ. ಇವತ್ತು ಒಂದು ಪಕ್ಕಾಸು ಬದಲಿಸಬೇಕಾದರೂ ಮಿಲ್ಲಿಗೆ ಹೋಗಬೇಕು, ಸಾಗಾಟದ ದುಡ್ಡೇ ಮರದಷ್ಟು. ಹಾಗಾಗಿ ನಾವು ಒಂದು ಹಾಳಾದಾಗ ಬದಲಿಸುವುದಿಲ್ಲ, ಒಂಬತ್ತು ಆಗುವವರೆಗೆ ಕಾಯುತ್ತೇವೆ. ಅಷ್ಟರಲ್ಲಿ ಒಂಬತ್ತು ಹದಿನೆಂಟಾಗಿರುತ್ತದೆ.

ಹಳಬರು ಆದಷ್ಟು ಕಬ್ಬಿಣ ಹಾಕುತ್ತಿರಲಿಲ್ಲ. ಕೂಡುಗಳಿಗೆ ಮರದ ಬೆಣೆ. ಇದು ಬಡತನದಿಂದ ಅಂತ ನಾನು ತಿಳಿದುಕೊಂಡಿದ್ದೆ. ಆದರೆ ಉಪ್ಪುಗಾಳಿಯಲ್ಲಿ ಕಬ್ಬಿಣದ ಮೊಳೆ ತುಕ್ಕು ಹಿಡಿದು ಉಬ್ಬುತ್ತದೆ, ಮರ ಸೀಳುತ್ತದೆ, ಆ ತುಕ್ಕೇ ಸುತ್ತಲಿನ ಮರವನ್ನು ಕರಗಿಸಿ ಕಪ್ಪು ಹಿಟ್ಟು ಮಾಡಿ ಇಡುತ್ತದೆ. ಆಚೆ ಮೊಳೆಯೂ ಇಲ್ಲ, ಈಚೆ ಮರವೂ ಇಲ್ಲ. ಕಡಲಿನವರಿಗೆ ಇದು ಮೊದಲೇ ಗೊತ್ತಿತ್ತು. ನಮ್ಮ ಕರಾವಳಿಯ ಹಳೇ ದೋಣಿಗಳ ಹಲಗೆಯನ್ನು ತೆಂಗಿನ ನಾರಿನ ಹುರಿಯಲ್ಲಿ ಹೊಲಿಯುತ್ತಿದ್ದರು. ಹದಿನಾಲ್ಕನೇ ಶತಮಾನದಲ್ಲಿ ಹೊನ್ನಾವರ, ಬಾರ್ಕೂರು, ಮಂಗಳೂರು ನೋಡಿ ಹೋದ ಇಬ್ನ್ ಬತೂತ ಇಂಥ ಹೊಲಿದ ಹಡಗುಗಳ ಬಗ್ಗೆ ಬರೆದಿದ್ದಾನೆ: ಬಂಡೆಗೆ ತಾಗಿದರೆ ಮೊಳೆಯ ಹಡಗು ಒಡೆಯುತ್ತದೆ, ಹೊಲಿದದ್ದು ಬಳುಕುತ್ತದೆ ಅಂತ. ಬಿಚ್ಚಲಿಕ್ಕೆ ಬರುವುದು ಇನ್ನೊಂದು ಗುಣ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೇ ಮನೆಗಳನ್ನು ಇದ್ದಲ್ಲಿಂದ ಕಳಚಿ ತಂದು ಮತ್ತೆ ನಿಲ್ಲಿಸಿದರಲ್ಲ, ಬೆಣೆಯ ಕೂಡು ಇಲ್ಲದಿದ್ದರೆ ಅದು ಆಗುವ ಕೆಲಸ ಅಲ್ಲ.

ಕಂಬದ ಬುಡದ ಬಗ್ಗೆ ನನ್ನದೇ ಮೂರ್ಖತನ ಒಂದು ಹೇಳಬೇಕು. ಹಳೇ ಮನೆಗಳಲ್ಲಿ ಮರದ ಕಂಬ ನೆಲಕ್ಕೆ ತಾಗುವುದೇ ಇಲ್ಲ, ಅಡಿಗಲ್ಲಿನ ಮೇಲೆ ನಿಂತಿರುತ್ತದೆ. ಮರ ನೀರು ಕುಡಿಯುವುದು ತುದಿಯಿಂದ, ಸ್ಟ್ರಾದಲ್ಲಿ ಎಳೆದ ಹಾಗೆ. ಎಂಟು ವರ್ಷದ ಹಿಂದೆ ಜಗಲಿಗೆ ಟೈಲ್ಸ್ ಹಾಕಿಸುವಾಗ ಅಡಿಗಲ್ಲು ನೆಲದೊಳಗೆ ಹೂತುಹೋಯಿತು, ಕಂಬದ ಸುತ್ತ ನಾಲ್ಕು ಬೆರಳು ಸಿಮೆಂಟು ಬಂತು. ನೀಟಾಗಿ ಕಾಣ್ತದೆ ಅಂತ ನಾನೇ ನಿಂತು ಮಾಡಿಸಿದ್ದು. ನಾಲ್ಕನೇ ಮಳೆಗಾಲಕ್ಕೆ ಹಲಸಿನ ಕಂಬ ಬುಡದಲ್ಲಿ ಮೆತ್ತಗೆ. ನೂರು ವರ್ಷದ ಕಂಬ ಸ್ವಾಮಿ, ನಾಲ್ಕು ವರ್ಷದಲ್ಲಿ ಕೊಂದೆ. ಬುಡ ಒಂದು ಅಡಿ ಕೊಯ್ದು ತೆಗೆದು ಕೆಳಗೆ ಎತ್ತರದ ಕಲ್ಲು ಇಡಿಸಿದ್ದೇನೆ. ನೋಡಲಿಕ್ಕೆ ಕುಳ್ಳ ಕಂಬ, ಆದರೆ ಗಟ್ಟಿ.

ಹಂಚು ಬಂದದ್ದು 1865ರಲ್ಲಿ. ಬಾಸೆಲ್ ಮಿಶನಿನವರು 1834ರಲ್ಲೇ ಮಂಗಳೂರಿಗೆ ಬಂದಿದ್ದರು. ಅವರ ಪೈಕಿ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ನೇತ್ರಾವತಿ, ಗುರುಪುರ ಹೊಳೆ ಬದಿಯ ಜೇಡಿಮಣ್ಣು, ಒಂದಕ್ಕೊಂದು ಕಚ್ಚಿ ಕೂರುವ ಅಚ್ಚು. ಮತಾಂತರವಾಗಿ ಜಾತಿಯಿಂದಲೂ ಕಸುಬಿನಿಂದಲೂ ಹೊರಬಿದ್ದ ಜನಕ್ಕೆ ಹೊಟ್ಟೆಪಾಡು ಬೇಕಿತ್ತು, ನೇಯ್ಗೆ ಮತ್ತು ಹಂಚು ಅದಕ್ಕಾಗಿ ಶುರುವಾದದ್ದು. ಮುಂದೆ ಊರಿನವರೂ ಕಾರ್ಖಾನೆ ಹಾಕಿದರು, ಹಂಚು ಹಡಗು ಹತ್ತಿ ದೇಶಾಂತರ ಹೋಯಿತು.

ಹಂಚಿನ ಬಗ್ಗೆ ಎಲ್ಲರೂ ಬರೆಯುತ್ತಾರೆ, ಅದರ ಕೆಳಗಿನ ಮರಕ್ಕೆ ಏನಾಯಿತು ಅಂತ ಬರೆಯುವವರು ಕಡಿಮೆ. ಮುಳಿಹುಲ್ಲಿಗೆ ಅಂಕುಡೊಂಕು ಬಿದಿರಾದರೂ ನಡೆಯುತ್ತದೆ. ಕಚ್ಚಿ ಕೂರುವ ಹಂಚಿಗೆ ರೀಪು ಒಂದೇ ಅಳತೆಯಲ್ಲಿ ಇರಬೇಕು, ಪಕ್ಕಾಸು ನೇರ ಇರಬೇಕು. ಹಾಗಾಗಿ ಗರಗಸದ ಮರ ಬಂತು, ರೀಪು ಹೊಡೆಯಲಿಕ್ಕೆ ಕಬ್ಬಿಣದ ಮೊಳೆ ಬಂತು. ಬೆಂಕಿಯ ಹೆದರಿಕೆ ಹೋಯಿತು, ಅದು ಸಣ್ಣ ಮಾತಲ್ಲ, ಬೇಸಿಗೆಯಲ್ಲಿ ಒಂದು ಕಿಡಿಗೆ ಕೇರಿಯೇ ಹೋಗುತ್ತಿದ್ದ ಕಾಲ ಅದು. ವರ್ಷವರ್ಷ ಹೊದೆಸುವ ಕೆಲಸವೂ ತಪ್ಪಿತು. ಆದರೆ ಅದರ ಜೊತೆಯಲ್ಲೇ ಮಾಡಿನ ಒಳಗೆ ಬಿಸಿಲು ಬೀಳುವ ಆ ಮೂರು ದಿನವೂ ತಪ್ಪಿತು. ಒಂದು ಹಂಚು ಬೆರಳಗಲ ಸರಿದರೆ ಸಾಕು, ಹನಿ ಒಂದೇ ಜಾಗಕ್ಕೆ ವರ್ಷಗಟ್ಟಲೆ ಬೀಳುತ್ತದೆ. ಮೇಲೆ ಮುಚ್ಚಿಗೆ ಇದ್ದರೆ ಕೆಳಗಿನವನಿಗೆ ಸುದ್ದಿಯೇ ಇಲ್ಲ.

ಆದರೂ ಅಡುಗೆಕೋಣೆಯ ಮೇಲಿನ ಮರ ಉಳಿಯುತ್ತಿತ್ತು. ಅಲ್ಲಿ ದಿನಕ್ಕೆ ಎರಡು ಹೊತ್ತು ಒಲೆ. ಹೊಗೆ ಪಕ್ಕಾಸು ರೀಪುಗಳನ್ನೆಲ್ಲ ಸುತ್ತಿ ಹಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿತ್ತು. ಬಿಸಿಗೆ ಮರ ಆಟಿಯಲ್ಲೂ ಒಣಗಿ ಇರುತ್ತಿತ್ತು, ಮಸಿಯ ಜಿಡ್ಡಿನಲ್ಲಿರುವ ಡಾಂಬರಿನಂಥ ಅಂಶಕ್ಕೆ ಹುಳ ಹತ್ತಿರ ಬರುತ್ತಿರಲಿಲ್ಲ. ಉಪ್ಪಿನಕಾಯಿ ಭರಣಿಯ ಬುಟ್ಟಿ, ಬಿತ್ತನೆ ಭತ್ತದ ಮುಡಿ, ನೇಗಿಲಿನ ಮರ ಎಲ್ಲವನ್ನೂ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದದ್ದು ಇದಕ್ಕೇ. ಖರ್ಚಿಲ್ಲದ ಔಷಧಿ.

ಖರ್ಚಿಲ್ಲ ಅಂತ ಬರೆದೆ, ಬರೆದು ಕೈ ನಿಂತಿತು. ಆ ಹೊಗೆಯಲ್ಲಿ ಕೂತದ್ದು ಅಜ್ಜಿ, ಆಮೇಲೆ ಅಮ್ಮ. ಅಜ್ಜಿಯ ಕಣ್ಣು ಐವತ್ತಕ್ಕೇ ಮಂಜಾಗಿತ್ತು. ಅಮ್ಮನ ಕೆಮ್ಮು ಇಡೀ ಮಳೆಗಾಲ ಗೋಡೆಯಾಚೆ ಕೇಳುತ್ತಿತ್ತು, ನಾವು ಮಕ್ಕಳು ಅದಕ್ಕೆ ಎಚ್ಚರ ಆಗದಷ್ಟು ರೂಢಿಯಾಗಿದ್ದೆವು. ತೊಂಬತ್ತೆಂಟರಲ್ಲಿ ಗ್ಯಾಸ್ ಬಂತು, ಎರಡು ವರ್ಷದಲ್ಲಿ ಅಮ್ಮನ ಕೆಮ್ಮು ಮುಕ್ಕಾಲು ಹೋಯಿತು. ಪಕ್ಕಾಸಿಗೆ ಒರಲೆ ಬಂದದ್ದು ಅಲ್ಲಿಂದ ಈಚೆಗೆ. ಪಕ್ಕಾಸು ಹೋಗಲಿ ಬಿಡಿ.

ಹಂಚು ಇಳಿಸಲಿಕ್ಕೆ ಬಂದವರಲ್ಲಿ ಒಬ್ಬರು ನನ್ನ ವಾರಿಗೆಯವರು. ಅವರ ಅಜ್ಜ ನಮ್ಮಲ್ಲಿ ಮೂಲದಾಳು. 1974ರ ಭೂಸುಧಾರಣೆ ಆದ ಮೇಲೆ ಡಿಕ್ಲರೇಷನ್‌ನಲ್ಲಿ ನಮ್ಮ ಬೈಲಿನ ಗದ್ದೆ ಗೇಣಿ ಒಕ್ಕಲುಗಳಿಗೆ ಹೋಯಿತು. ಗೇಣಿಯೇ ಇಲ್ಲದ ಮೂಲದಾಳುಗಳಿಗೆ ಗದ್ದೆ ಸಿಗಲಿಲ್ಲ, ಮನೆ ಅಡಿಯ ಜಾಗ ಮಾತ್ರ ಆಯಿತು. ಅಲ್ಲಿ ಅವರೀಗ ತಾರಸಿ ಮನೆ ಕಟ್ಟಿಸಿದ್ದಾರೆ. ಮರ ಅಂತ ಇರುವುದು ಒಂದು ಬಾಗಿಲು. ನನ್ನ ಒತ್ತಾಯಕ್ಕೆ ಎರಡು ದಿನ ಬಂದಿದ್ದರು, ಸಂಬಳ ಪೇಟೆಯ ಸಂಬಳವೇ.

ಎರಡನೇ ದಿನ ಚಹಾ ಕುಡಿಯುವಾಗ ಹಟ್ಟಿಯ ಕಡೆ ಕೈ ತೋರಿಸಿ ಕೇಳಿದರು: "ಅಲ್ಲಿಂದ ನನ್ನ ಅಜ್ಜ ಬಿದ್ದದ್ದು ನಿಮಗೆ ಗೊತ್ತುಂಟಾ?" ನನಗೆ ಗೊತ್ತಿರಲಿಲ್ಲ. ಮುಳಿ ಹೊದೆಸುವಾಗ ಒರಲೆ ತಿಂದ ಗಳುವಿನ ಮೇಲೆ ಕಾಲಿಟ್ಟದ್ದಂತೆ. ಸೊಂಟ ಮುರಿದು ಎಂಟು ವರ್ಷ ಮಲಗಿದಲ್ಲೇ ಇದ್ದು ಹೋದರಂತೆ. ಅವರು ಅದನ್ನು ಸಿಟ್ಟಲ್ಲಿ ಹೇಳಲಿಲ್ಲ, ಮಳೆ ಯಾವಾಗ ಬರಬಹುದು ಅಂತ ಕೇಳುವ ದನಿಯಲ್ಲೇ ಹೇಳಿದರು. ನಾನು ಚಹಾದ ಗ್ಲಾಸು ಹಿಡಿದು ಸುಮ್ಮನೆ ಕೂತೆ.

ರಾತ್ರಿ ಮತ್ತೆ ಲೆಕ್ಕದ ಪುಸ್ತಕ ತೆಗೆದೆ. ಒಂದು ವರ್ಷದ ಬೇಶ ತಿಂಗಳಲ್ಲಿ ಮಾಡು ಹೊದೆಸಿದ ಸಾಲಿನ ಕೆಳಗೆ ಇನ್ನೊಂದು ಸಾಲು ಉಂಟು, ಮೊದಲು ಓದುವಾಗ ಕಣ್ಣು ದಾಟಿಹೋಗಿತ್ತು: ಬಿದ್ದವನ ಮದ್ದಿಗೆ 1 ರೂಪಾಯಿ 4 ಆಣೆ. ಮರುವರ್ಷ ಅದೇ ತಿಂಗಳಲ್ಲಿ ಮತ್ತೆ ಆಳು 11. ಅವರ ಜಾಗಕ್ಕೆ ಯಾರೋ ಬಂದಿದ್ದಾರೆ. ಮರುದಿನ ಪುಸ್ತಕ ಅವರ ಕೈಗೆ ಕೊಟ್ಟೆ. ಓದಿ, ಮೂರು ಮಗ್ಗುಲು ತಿರುಗಿಸಿ, ಇದರ ಒಂದು ಫೋಟೊ ತೆಗೀಬಹುದಾ ಅಂತ ಕೇಳಿದರು. ತೆಗೆದುಕೊಂಡು ಹೋದರು.

ಡಿಕ್ಲರೇಷನ್ ಆದ ಮೇಲೆ ದೊಡ್ಡ ಮನೆಗಳು ಬಿದ್ದುಹೋದವು, ಊರು ಹಾಳಾಯಿತು ಅಂತ ಕೊರಗುವವರು ನಮ್ಮಲ್ಲಿ ಬಹಳ ಜನ. ಬಿದ್ದದ್ದು ನಿಜ. ಗುತ್ತು ಬೀಡುಗಳ ಕೆತ್ತನೆ ಕಂಬ ಲಾರಿ ಹತ್ತಿ ಪಟ್ಟಣದ ಹೋಟೆಲಿಗೆ ಹೋದದ್ದೂ ನಿಜ. ಮೂಡಬಿದಿರೆಯ ಚೌಟರ ಅರಮನೆಯ ನವನಾರಿಕುಂಜರದ ಕಂಬ ಇನ್ನೂ ಅದರ ಜಾಗದಲ್ಲೇ ಇರುವುದು ನಮ್ಮ ಪುಣ್ಯ. ಆದರೆ ಕರೆದ ಕೂಡಲೇ ಬರುವ 11 ಆಳು ಇಲ್ಲದ್ದಕ್ಕೆ ಮನೆ ಬಿದ್ದಿತು ಅಂದರೆ ಅದರಲ್ಲಿ ಅಳುವುದು ಎಷ್ಟು ಅಂತ ನಾನು ಕೇಳ್ತೇನೆ. ಬೇಸರ ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ಇನ್ನು ಈ ವರ್ಷ ನಾನು ಮಾಡಿದ್ದು. ಕೊಳೆತ ತುದಿ ಕೊಯ್ದು ಹೊಸ ತಾಳೆ ಪಕ್ಕಾಸು ಹಾಕಿಸಿದೆ, ತಿರುಳು ಪೂರಾ ಕೆತ್ತಿಸಿ. ಸೂರು ಒಂದೂವರೆ ಅಡಿ ಹೊರಗೆ ತಂದೆ. ಪಡುಗಾಳಿಯ ಮಳೆ ಅಡ್ಡ ಬರುತ್ತದೆ, ನೇರ ಬರುವುದಿಲ್ಲ. ಹಳೇ ಎನಾಮಲ್ ಬಣ್ಣ ಕೆರೆಸಿ ತೆಗೆದೆ. ಹಸಿ ಮರಕ್ಕೆ ಬಣ್ಣ ಬಳಿದರೆ ಒಳಗಿನ ನೀರಿಗೆ ಹೊರಬರಲಿಕ್ಕೆ ದಾರಿ ಇಲ್ಲ, ನಮ್ಮ ಪಕ್ಕಾಸು ಹೊಳೀತಾ ಹೊಳೀತಾ ಕೊಳೆತದ್ದು ಹಾಗೆ. ಬಣ್ಣದ ಬದಲು ಗೇರೆಣ್ಣೆ ಎರಡು ಸಲ.

ಗೇರು ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಮರ, ಹದಿನಾರನೇ ಶತಮಾನದಲ್ಲಿ. ಅದರ ಬೀಜದ ಸಿಪ್ಪೆಯ ಎಣ್ಣೆ ನಮ್ಮಲ್ಲಿ ದೋಣಿಗೂ ಮಾಡಿಗೂ ಔಷಧಿಯಾಯಿತು. ದೋಣಿಗೆ ಮೀನೆಣ್ಣೆಯನ್ನೂ ಹಚ್ಚುತ್ತಾರೆ, ಮನೆಗೆ ಹಚ್ಚಿದರೆ ನೆಂಟರು ಬರುವುದಿಲ್ಲ. ಗೇರೆಣ್ಣೆ ಹಚ್ಚುವವರು ಜಾಗ್ರತೆ: ಮೈಗೆ ತಾಗಿದರೆ ಬೊಕ್ಕೆ ಏಳ್ತದೆ, ಕೈಗವಸು ಬೇಕು, ಮೊದಲು ತೆಂಗಿನೆಣ್ಣೆ ಸವರಿಕೊಂಡರೆ ಒಳ್ಳೆಯದು. ಮನೆಯೊಳಗೆ ಕಾಯಿಸಲೇ ಬೇಡಿ, ಹೊಗೆ ಕೆಟ್ಟದು. ಹಚ್ಚುವುದು ಫೆಬ್ರವರಿ ಮಾರ್ಚಿನಲ್ಲಿ ಆದರೆ ಉತ್ತಮ, ಮರ ಒಣಗಿ ಬಾಯಿ ಬಿಟ್ಟಿರುತ್ತದೆ, ಕುಡಿಯುತ್ತದೆ. ನಾನು ಮೇಯಲ್ಲಿ ಹಚ್ಚಿದೆ, ತಡ ಆಯಿತು, ಪೂರಾ ಒಣಗಲಿಲ್ಲ.

ಮೊಳೆ ಇಲ್ಲದೆ ರೀಪು ನಿಲ್ಲುವುದಿಲ್ಲ, ಹಾಗಾಗಿ ಕಲಾಯಿ ಮಾಡಿದ್ದು ಹಾಕಿಸಿದೆ. ಮಾಡು ಹತ್ತುವವರ ಸೊಂಟಕ್ಕೆ ಹಗ್ಗ ಕಟ್ಟಿಸಿದೆ. ಆಚಾರಿ ನಕ್ಕರು, ಆಮೇಲೆ ಕಟ್ಟಿಕೊಂಡರು. ಲೆಕ್ಕದ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಈ ವರ್ಷದ ಮಾಡಿನ ಕೆಲಸ ಬರೆದಿದ್ದೇನೆ, ನಾಲ್ಕು ಹೆಸರು, ನಾಲ್ಕು ಸಂಬಳ. ಆ ಹಳೇ ಸಾಲಿನ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಒಂದು ಹೆಸರು ಬರೆದೆ, ಮೊಮ್ಮಗನನ್ನು ಕೇಳಿಕೊಂಡು. ಉಳಿದ ಹತ್ತು ಹೆಸರು ಹೇಳುವವರು ಊರಲ್ಲಿ ಇನ್ನು ಇಬ್ಬರೋ ಮೂವರೋ ಇದ್ದಾರೆ, ಮಳೆ ಸ್ವಲ್ಪ ಹಿಡಿದ ಮೇಲೆ ಹೋಗಿ ಕೂರಬೇಕು.

ಪತ್ತನಾಜೆಗೆ ಎರಡು ದಿನ ಮೊದಲು ಕೊನೆಯ ಹಂಚು ಕೂತಿತು. ನಿನ್ನೆ ರಾತ್ರಿ ಮೊದಲ ದೊಡ್ಡ ಮಳೆ. ಅಡುಗೆಕೋಣೆ ಒಣಗಿ ಉಂಟು. ಜಗಲಿಯ ಮೂಲೆಯಲ್ಲಿ ಮಾತ್ರ ಒಂದು ಹನಿ, ಕುಳ್ಳ ಕಂಬಕ್ಕಿಂತ ಎರಡು ಗೇಣು ಆಚೆ. ಹಂಚು ಒಂದು ಸರಿದಿರಬೇಕು. ಅಡಿಯಲ್ಲಿ ಚೆಂಬು ಇಟ್ಟಿದ್ದೇನೆ, ಮಳೆ ಬಿಟ್ಟರೆ ನಾಳೆ ಬೆಳಿಗ್ಗೆ ಏಣಿ ಇಟ್ಟು ನಾನೇ ಹತ್ತಬೇಕು. ಊರು ನಗುವುದಾದರೆ ನಗಲಿ.